ಗುಲ್ನಾಜನ ಬಾಜೂ ದೀಪ

ಗುಲ್ನಾಜಗ ಸಿಟ್ಟ ಬಂದ್ರ ಅಕಿ ಬೈಯಂಗಿಲ್ಲ, ಒದರಂಗಿಲ್ಲ. ಸೂಜಿಗೆ ದಾರ ಪೋಣಸ್ತಾಳ. ಲಕ್ಷ್ಮೇಶ್ವರದ ಪಿಂಜಾರ ಓಣ್ಯಾಗ ಇದು ಸಣ್ಣ ಹುಡುಗ್ರಿಂದ ಹಿಡದ ಎಲ್ಲಾರಿಗೂ ಗೊತ್ತಿದ್ದ ಮಾತ. "ಗುಲ್ನಾಜ ಮಾತಿಲ್ದ ಕುಂತ ಹೊಲಿಯಾಕತ್ತಾಳ" ಅಂತ ಖಬರ ಸಿಕ್ರ ಸಾಕು, ಅಕಿ ಗಂಡ ಅಯ್ಯೂಬ ಬಾಗಲದಾಗ ಬಿಟ್ಟ ಚಪ್ಪಲಿ ಹಂಗ ತಿರುಗಿ ಮೆಟ್ಕೊಂಡು ಚಾದಂಗಡಿಗೆ ನಡೀತಾನ.

ಈಗ ನೀವು ಅಕಿ ಮನಿಗೆ ಹೋಗಿ ನೋಡ್ರಿ, ಪಡಸಾಲ್ಯಾಗ ಕಾಲಿಡಾಕ ಜಾಗಾ ಇರಂಗಿಲ್ಲ. ಮುಂಡರಗಿ ಕಡಿಂದ ಕಂಬಳಿ ನೇಯೋರು, ಶಿರಹಟ್ಟಿ ತಾಂಡಾದಿಂದ ಕನ್ನಡಿ ಚೀಲ ಹೊಲಿಯೋ ಹೆಂಗಸ್ರು, ಡಂಬಳದಿಂದ ಬುಟ್ಟಿ ಹೆಣಿಯಾಕಿ, ಎಲ್ಲಾರೂ ಗಂಟ ಕಟಗೊಂಡು ಬಂದು "ನಮ್ದೂ ಒಂದ ಫೋಟೋ ತಗದ ಕೊಡಬೇ" ಅಂತ ಕುಂತಿರ್ತಾರ. ಅಕಿ ಹತ್ರ ದೊಡ್ಡ ಕ್ಯಾಮೆರಾ ಐತೇನು? ಎಲ್ಲೀದು! ಅಯ್ಯೂಬಂದು ಮೂಲಿ ಒಡದ ಫೋನು. ಮಲಗೋ ಒಂದ ಹೊರಸು, ಒಂದ ಹಳೇ ದೋತರ, ಎಣ್ಣಿ ಡಬ್ಬಿ ಕೊರದ ಮಾಡಿದ ದೀಪ, ಬಿಸ್ಕೀಟಿನ ರಟ್ಟಿನ ಖೋಕಾ. ಮುಗೀತು. ಆದ್ರ ಅಕಿ ತಗದ ಫೋಟೋ ನೋಡಿದ್ರ ಫೋನಿನ ಕಾಜಿನ ಮ್ಯಾಲ ಕೈ ಆಡಸಬೇಕ ಅನಸ್ತೈತಿ, ಕಂಬಳಿ ಚುಚ್ಚತೈತೇನೋ ಅಂತ!

"ಎಲ್ಲಿ ಕಲ್ತಿಬೇ ಇದನ್ನ?" ಅಂತ ಕೇಳಿದ್ರ ಅಕಿ ನಗತಾಳ. "ಸಿಟ್ಟಿನ ಸಾಲ್ಯಾಗ" ಅಂತಾಳ.

ಅದು ಖರೇನ.

ಲಕ್ಷ್ಮೇಶ್ವರಕ್ಕ ತಾಲೂಕಿನ ಬೋರ್ಡ ಬಂದ ಹೊಸದಾಗಿ ನಡದ ಕಥಿ ಇದು. ಗುಲ್ನಾಜನ ಅಪ್ಪ ಯಮನೂರಸಾಬ ಗಾದಿ ತುಂಬಾಂವ. ಮನಿ ತುಂಬ ಅರಳಿ, ಅರಳಿ, ಅರಳಿ. ಸಾರಿನ್ಯಾಗೂ ಒಂದ ಎಳಿ ಅರಳಿ ತೇಲಿರ್ತಿತ್ತು. ಅವ್ವ ಹಸೀನಾಬಿ ತೀರಕೊಂಡ ಮ್ಯಾಲ ಅಕಿ ಉಟ್ಟ ಸೀರಿ ಯಾರಿಗೂ ಕೊಡಾಕ ಮನಸ್ಸ ಬರ್ಲಿಲ್ಲ ಗುಲ್ನಾಜಗ. ಕತ್ತರಿಸಿ ತುಂಡ ಮಾಡಿ, ಬಾಜೂ ಮನಿ ಮುದಿಕಿ ಸಿದ್ದಲಿಂಗವ್ವನ ಮುಂದ ಕುಂತು ಕೌದಿ ಹೊಲಿಯಾಕ ಕಲ್ತಳು. ಹಸರ ಇಳಕಲ್ ಅವ್ವ ಹಬ್ಬಕ್ಕ ಉಟ್ಟದ್ದು, ಕೆಂಪ ಹೂವಿಂದು ದವಾಖಾನಿಗೆ ಹೋಗಾಗ ಉಟ್ಟದ್ದು. ಒಂದೊಂದ ತುಂಡೂ ಒಂದೊಂದ ದಿನ. ಆ ಕೌದಿ ಮ್ಯಾಲ ಯಾರೂ ಮಲಗತಿರ್ಲಿಲ್ಲ, ಮಡಿಚಿ ಟ್ರಂಕ್ ಮ್ಯಾಲ ಇಟ್ಟಿತ್ತು.

ಮುಂದ ಓಣಿ ಹೆಂಗಸ್ರೂ ಕೂಡಿ ಕೌದಿ ಹೊಲಿಯಾಕ ಹತ್ತಿದ್ರು. ಮಾರಬೇಕಲ್ಲ? ಯಾರೋ ಹೇಳಿದ್ರು, ಗದಗಿನ್ಯಾಗ ಸುಶ್ಮಿತಾ ಅಂತ ಒಬ್ಬಾಕಿ ಅದಾಳ, ಬಟ್ಟಿ ಅಂಗಡಿ ಮನಿ ಸೊಸಿ, ಫೋನಿನ್ಯಾಗ "ತವರಿನ ಉಡಿ" ಅಂತ ಪೇಜ್ ಮಾಡ್ಯಾಳ, ಹಳ್ಳಿ ಕೈಕೆಲಸ ಎಲ್ಲಾ ಹಾಕ್ತಾಳ, ಮಂದಿ ಮುಕರಿ ಬಿದ್ದ ತಗೋತಾರ ಅಂತ.

ಸುಶ್ಮಿತಾ ಬಂದ್ಲು. ಚೆಂದನ ಹುಡುಗಿ, ಬಾಯ್ತುಂಬ ಅಕ್ಕಾ ಅಕ್ಕಾ ಅಂತಾಳ. ಕೌದಿ ಎಲ್ಲಾ ಹರವಿಸಿ ನೋಡಿದ್ಲು, ಮುಟ್ಟಿ ನೋಡಿದ್ಲು, ಅವ್ವನ ಕೌದಿ ಮ್ಯಾಲಂತೂ ಗಲ್ಲ ಇಟ್ಟ ನೋಡಿದ್ಲು!

"ಗುಲ್ನಾಜಕ್ಕಾ, ಇದೊಂದು ಒಯ್ತೀನ್ರಿ. ಮಾರಾಕಲ್ಲ. ಬರೇ ಫೋಟೋ ತಗದ ನೋಡ್ತೀನಿ, ಮಂದಿ ಏನಂತಾರ ಅಂತ."

"ಅದು ನಮ್ಮವ್ವಂದು ರಿ..."

"ಅಯ್ಯ, ನಿಮ್ಮವ್ವ ನಮ್ಮವ್ವ ಬ್ಯಾರೇನ್ರಿ?"

ಈ ಮಾತ ನೆಪ್ಪಿಟ್ಗೋರಿ. ಆವತ್ತ ಗುಲ್ನಾಜಗ ಇದು ಭಾಳ ಚೊಲೊ ಮಾತ ಅನಸ್ತು.

ಒಂದ ವಾರಕ್ಕ ಕೌದಿ ತಿರುಗಿ ಬಂತು, ಬಸ್ಸಿನ್ಯಾಗ, ಕಂಡಕ್ಟರ್ ಕೈಯಾಗ. "ಮಂದಿಗೆ ಹಿಡಸಲಿಲ್ಲಕ್ಕಾ. ನಿಮ್ಮವು ಫೋಟೋದಾಗ ಚಿಂದಿ ಕಂಡಂಗ ಕಾಣ್ತಾವು" ಅಂತ ಒಂದ ಮೆಸೇಜು. ಗುಲ್ನಾಜ ಹೋಗ್ಲಿ ಬಿಡು ಅಂದ್ಲು. ಮುಂದ ಒಂದಿನ ಅಯ್ಯೂಬ ಫೋನ ಹಿಡಕೊಂಡ ಬಂದ, ಮಾರಿ ಸಣ್ಣದು ಮಾಡಿ. ಅಂವ ವಾಯರಮನ್. ಯಾರದೋ ಮನ್ಯಾಗ ಫ್ಯಾನ್ ಕೂಡಸಾಕ ಹೋದಾಗ ಆ ಮನಿ ಅಕ್ಕೋರು ತೋರಿಸಿದ್ರಂತ.

ಅವ್ವನ ಕೌದಿ! ಬಿಸಲ ಬೀಳೋ ಕಿಡಕಿ ಬಾಜೂ, ತೂಗುಮಣಿ ಜೋಕಾಲಿ ಮ್ಯಾಲ, ಎಷ್ಟ ಚೆಂದ ಅಂದ್ರ ಗುಲ್ನಾಜಗ ಮದಲ ಒಂದ ಗಳಿಗಿ ಖುಷಿನ ಆತು. ಆಮ್ಯಾಲ ಕೆಳಗ ಬರದದ್ದ ಓದಿದ್ಲು. "ನಮ್ಮ ಅಜ್ಜಿಯ ಸೀರೆಗಳಿಂದ, ನಮ್ಮ ಮನೆಯ ಕೈಗಳಿಂದ." ಸಾವಿರಗಟ್ಲೆ ಮಂದಿ ಹಾರ್ಟ್ ಒತ್ಯಾರ. ನಮಗೂ ಬೇಕು, ನಮಗೂ ಬೇಕು ಅಂತ ಕೆಳಗ ಸಾಲಹಚ್ಚಿ ನಿಂತಾರ. ಸುಶ್ಮಿತಾ ಎಲ್ಲಾರಿಗೂ ಹೂಂ ಅಂದಾಳ. ಕಳಸೋದು ಮಾತ್ರ ಎಲ್ಲಿಂದಲೋ ತರಿಸಿದ ಮಶೀನ್ ಹೊಲಿಗಿ ರಜಾಯಿ.

"ನಮ್ಮವ್ವನ್ನ ಅಕಿ ಅಜ್ಜಿ ಮಾಡ್ಕೊಂಡಾಳ" ಅಂದ್ಲು ಗುಲ್ನಾಜ, ಸಾವಕಾಶ.

ಅಯ್ಯೂಬ ನಗಬೇಕೋ ಅಳಬೇಕೋ ತಿಳೀಲಾರ್ದ ಚಪ್ಪಲಿ ಕಡೆ ನೋಡಿದ.

ಫೋನ ಹಚ್ಚಿದ್ಲು. ಸುಶ್ಮಿತಾನ ದನಿ ಜೇನ ಸುರದಂಗ. "ಅಕ್ಕಾ, ಕೌದಿ ಏನ್ರಿ, ಎಲ್ಲಾರ ಮನ್ಯಾಗೂ ಇರ್ತಾವು. ನೀವು ಹೊಲದದ್ದು ಅಂತ ಅದರ ಮ್ಯಾಲ ಬರದೈತೇನು? ಫೋಟೋ ನಂದು, ಬೆಳಕ ನಂದು. ಫೋಟೋ ಇಲ್ಲ ಅಂದ್ರ ಅದನ್ನ ಯಾರ ಕೇಳ್ತಿದ್ರು ಹೇಳ್ರಿ?"

"ಒಂದ ಮಾತ ಹಾಕ್ರಿ ಸಾಕು. ಹಸೀನಾಬಿ ಸೀರಿ, ಗುಲ್ನಾಜ ಹೊಲದದ್ದು ಅಂತ. ಮತ್ತೇನೂ ಬ್ಯಾಡ."

"ಈಗ ಹೆಂಗ ಹಾಕ್ಲಿರಿ? ಮಂದಿ ನನ್ನ ಏನಂದಾರು?"

ಗುಲ್ನಾಜ ಫೋನ ಇಟ್ಲು. ಸೂಜಿಗೆ ದಾರ ಪೋಣಿಸಿದ್ಲು. ಅವತ್ತಿನಿಂದ ಅಕಿಗೆ ಒಂದ ಹಟ. ಸುಶ್ಮಿತಾ ತನ್ನ ಬಾಯಿಲೆ ತಾನ ಹೇಳಬೇಕು, ಇದು ಯಾರ ಕೈ ಅಂತ. ಬೆಳಕ ನಂದು ಅಂತಾಳಲ್ಲ? ಆ ಬೆಳಕಿನ್ಯಾಗನ ಹೇಳಬೇಕು.

ಮದಲ ಫೋಟೋ ತಗಿಯೋದ ಕಲೀಬೇಕಿತ್ತು. ಅಯ್ಯೋ ಅದೇನ ಕೇಳ್ತೀರಿ! ಮದಲಿನ ಫೋಟೋ ಎಲ್ಲಾ ಮಂಜ ಮಂಜ. ಫೋನ ಕೆಟ್ಟೈತಿ ಅಂತ ಗಂಡಗ ಬೈದ್ಲು. ಅಂವ ಅಂಗಿ ಚುಂಗಿಲೆ ಫೋನಿನ ಕಣ್ಣ ಒರಸಿದ ನೋಡ್ರಿ, ಅರಳಿ! ಗಾದಿ ಮನಿ ಫೋನಿಗೂ ಅರಳಿ ಹತ್ತಿತ್ತು. ಅವತ್ತಿನಿಂದ ಅಕಿದು ಮದಲ ಪಾಠ, ಫೋಟೋ ತಗಿಯೂಕಿಂತ ಮುಂಚೆ ಕಣ್ಣ ಒರಸು.

ಆಮ್ಯಾಲ ಫೋನಿಂದ ಫ್ಲ್ಯಾಶು. ಫಕ್ ಅಂತ ಬಡೀತು, ಕೌದಿ ಹಪ್ಪಳ ಲಟ್ಟಿಸಿದಂಗ ಚಪ್ಪಟಿ. ಹೊಲಿಗಿ ಎಲ್ಲಾ ಮಾಯ. "ಇದೇನಬೇ, ಕ್ಯಾಲೆಂಡರ್ ಹಾಳಿ ಇದ್ದಂಗ ಐತಲ್ಲ" ಅಂದ್ಲು ಸಿದ್ದಲಿಂಗವ್ವ. ಬಲ್ಬ ಹಚ್ಚಿದ್ರು. ಒಂದ ಕಡೆ ಹಳೇ ಹಳದಿ ಬಲ್ಬು, ಇನ್ನೊಂದ ಕಡೆ ಹೊಸಾ ಬಿಳೇ ಬಲ್ಬು. ಕೌದಿಗೆ ಅರ್ಧ ಮಾರಿಗೆ ಕಾಮಣಿ ಆದಂಗ ಬಂತು! ಅಯ್ಯೂಬ ಹಣಿ ಬಡಕೊಂಡು ಎರಡೂ ಒಂದ ನಮೂನಿ ಬಲ್ಬ ತಂದ, ಒಂದ ಡಬ್ಬಿ, ಒಂದ ಕಂಪನಿ. ಎಣ್ಣಿ ಡಬ್ಬಿ ಅಡ್ಡ ಕೊರದು, ಒಳಗ ಉಪ್ಪಕಾಗದ ಹಚ್ಚಿ ತಿಕ್ಕಿ ಫಳಫಳ ಮಾಡಿ, ಹೋಲ್ಡರ್ ಕೂಡಿಸಿದ. ಸಣ್ಣ ಸಾಮಾನಿಗೆ ಬಿಸ್ಕೀಟಿನ ಖೋಕಾ. ಎರಡೂ ಬಾಜೂ ಕಿಡಕಿ ಕೊರದು ಬೇಕರಿ ಬಟರ್ ಪೇಪರ್ ಅಂಟಿಸಿ, ಒಳಗ ಡ್ರಾಯಿಂಗ್ ಹಾಳಿ ಬಗ್ಗಿಸಿ ಇಟ್ರ ಬುಟ್ಟಿನೂ ಬಳೀನೂ ಬೆಳದಿಂಗಳಾಗ ಇಟ್ಟಂಗ ಕಾಣ್ತಾವು. ಆದ್ರ ಕೌದಿ ಖೋಕಾದಾಗ ಹಿಡಸ್ತೈತೇನು? ಆನಿಗೆ ಚಡ್ಡಿ ಹೊಲದಂಗ ಆತು.

ಆವಾಗ ಗುಲ್ನಾಜಗ ಹೊರಸು ಹೊಳೀತು. ಹೊರಸು ಎತ್ತಿ ನೆಟ್ಟಗ ಗ್ವಾಡಿಗೆ ನಿಲ್ಲಿಸಿ, ಅದಕ್ಕ ಅಪ್ಪನ ಬಿಳೇ ದೋತರ ಬಿಗದ ಕಟ್ಟಿ, ಹಿಂದ ಡಬ್ಬಿ ದೀಪ ಹಚ್ಚಿದ್ಲು. ಬೆಳಕ ದೋತರ ದಾಟಿ ಬಂದ್ರ ಹಾಲಿನಂಗ ಮೆತ್ತಗಾಗತೈತಿ, ಬಣ್ಣ ಇದ್ದದ್ದ ಇದ್ದಂಗ ಬರ್ತೈತಿ. ಎದುರಿಗೆ ಥರ್ಮಾಕೋಲ್ ಹಲಗಿ ಇಟ್ರ ನೆಳ್ಳೂ ಇಲ್ಲ. ಗುಲ್ನಾಜ ಖುಷಿಲೆ ಕೈ ತಟ್ಟಿದ್ಲು.

ಅಷ್ಟೊತ್ತಿಗೆ ಯಮನೂರಸಾಬ ಸಂಜಿ ನಮಾಜ ಮುಗಿಸಿ ಮನಿಗೆ ಬಂದ. ಬಾಗಲದಾಗ ನಿಂತ. ಹೊರಸು ಎತ್ತಿ ನಿಲ್ಲಿಸ್ಯಾರ. ಬಿಳೇ ಬಟ್ಟಿ. ದೀಪ. ಒಳಗ ಹೆಂಗಸ್ರ ದನಿ.

"ಯಾ ಅಲ್ಲಾ!" ಅಂದವನ ಕೈಯಾಗಿನ ಬದನಿಕಾಯಿ ಚೀಲ ಕೆಳಗ ಬಿತ್ತು. "ಯಾರ... ಯಾರ ಹೋದ್ರು? ಅಯ್ಯೂಬ ಎಲ್ಲಿ?"

"ಇಲ್ಲೇ ಅದೀನಿ ಮಾಮಾ!" ದೋತರದ ಹಿಂದಿಂದ ಅಯ್ಯೂಬ ತಲಿ ಹೊರಗ ಹಾಕಿದ. ಮುದುಕ ಇನ್ನೊಮ್ಮೆ ಹೌಹಾರಿದ.

"ಹೊರಸು ನಿಲ್ಲಸ್ತಾರೇನ್ಲೇ ಬದಕಿದ್ದ ಮನ್ಯಾಗ! ಅದೂ ನನ್ನ ದೋತರ ಹೊಚ್ಚಿ! ನನ್ನ ಕಫನ್‌ಗೆ ಅಳತಿ ತಗೋಳಾಕತ್ತೀರೇನು?"

"ಅಬ್ಬಾ, ಫೋಟೋ ತಗಿಯಾಕ..."

"ನಂದೇನು ಫೋಟೋ? ಹಾರ ಹಾಕಾಕೇನು?"

ಸಿದ್ದಲಿಂಗವ್ವ ನಕ್ಕ ನಕ್ಕ ಎಲಿ ಅಡಿಕಿ ಗಂಟಲಕ್ಕ ಸಿಕ್ಕು ಕೆಮ್ಮಿದ್ಲು. ಮುದುಕ ಸಿಟ್ಟಿಲೆ ಬದನಿಕಾಯಿ ಆರಿಸಾಕ ಕುಂತ. ಆದ್ರ ಮಗಳು ಫೋನಿನ್ಯಾಗ ಹಸೀನಾಬಿ ಕೌದಿ ತೋರಿಸಿದ್ಲು ನೋಡ್ರಿ, ಆ ಹಸರ ಇಳಕಲ್, ಅದರ ಅಂಚಿನ ಕೆಂಪು, ಖರೇ ಖರೇ. ಮುದುಕ ಬದನಿಕಾಯಿ ಕೈಯಾಗ ಹಿಡಕೊಂಡ ಭಾಳೊತ್ತ ನೋಡಿದ. "ದೋತರ ಇಟಗೋ ಅವ್ವಾ" ಅಂದ. "ಹೊರಸು ಮಾತ್ರ ಕೆಲಸ ಮುಗೀತ ಅಂದ್ರ ಕೆಳಗ ಇಳಸು."

ಇಷ್ಟ ಆಗಿದ್ರ ಇದು ಬರೇ ಫೋಟೋ ಕಥಿ ಆಗ್ತಿತ್ತು. ಸೇಡಿನ ಕಥಿ ಆಗಿದ್ದು ಒಂದ ಸೂಜಿಯಿಂದ.

ಒಂದ ಸಂಜಿಮುಂದ ಸೂಜಿ ಕಳೀತು. ಹಾಸಿದ ಕೌದಿ ಮ್ಯಾಲ ಬಿದ್ದೈತಿ, ಕಾಣವಲ್ದು. ಸೂಜಿ ಕಳದ್ರ ನಮ್ಮ ಕಡೆ ಏನ ಮಾಡ್ತಾರ? ದೀಪ ಮ್ಯಾಲ ಹಿಡಿಯಂಗಿಲ್ಲ, ನೆಲಕ್ಕ ಇಡ್ತಾರ. ನೆಲದ ಮಟ್ಟಕ್ಕ ಬಾಜೂದಿಂದ ಬೆಳಕ ಹರದ್ರ ಸಣ್ಣ ಸೂಜಿಗೂ ಉದ್ದ ನೆಳ್ಳ ಬೀಳ್ತೈತಿ. ಗುಲ್ನಾಜ ಡಬ್ಬಿ ದೀಪ ಕೌದಿ ಅಂಚಿಗೆ ನೆಲಕ್ಕ ಇಟ್ಟು, ಗಲ್ಲ ನೆಲಕ್ಕ ಹಚ್ಚಿ ನೋಡಿದ್ಲು.

ಸೂಜಿ ಸಿಕ್ತು. ಆದ್ರ ಅಕಿ ಎತ್ತಲಿಲ್ಲ.

ಕೌದಿ ಎದ್ದ ಕುಂತಿತ್ತು! ಒಂದೊಂದ ಹೊಲಿಗಿನೂ ಹೊಲದಾಗಿನ ಸಾಲಿನಂಗ. ಸೂಜಿ ಒಳಗ ಹೋದಲ್ಲಿ ತಗ್ಗ, ಹೊರಗ ಬಂದಲ್ಲಿ ಏರ, ಎಲ್ಲಾದಕ್ಕೂ ಅದರದರ ನೆಳ್ಳ. ಬಿಳೇ ತುಂಡಿನ ಮ್ಯಾಲ ಬಿಳೇ ದಾರಲೆ ಹಾಕಿದ ಹೊಲಿಗಿ, ಎದುರು ದೀಪಕ್ಕ ಇಲ್ಲವೇ ಇಲ್ಲ ಅನ್ನುವಂಗ ಇದ್ದದ್ದು, ಈಗ ಓದೂವಂಗ ಕಾಣಾಕತ್ತಿತ್ತು.

ಓದೂವಂಗ.

ಗುಲ್ನಾಜ ದೀಪ ಎತ್ತಿ ಎದುರಿಗೆ ಹಿಡದ್ಲು, ಹೊಲಿಗಿ ಮಾಯ. ಬಾಜೂ ಇಟ್ಲು, ಹಾಜರ. ಎದುರಿಗೆ, ಮಾಯ. ಬಾಜೂ, ಹಾಜರ. ಅಯ್ಯೂಬ ಒಳಗ ಬಂದು ಹೆಂಡತಿ ಮಾರಿ ನೋಡಿ "ಏನಾತು?" ಅಂದ.

"ಏನಿಲ್ಲ" ಅಂದ್ಲು ಗುಲ್ನಾಜ. "ಅಕಿಗೆ ಒಂದ ಕೌದಿ ಹೊಲೀತೀನಿ."

ಅಯ್ಯೂಬ ಚಪ್ಪಲಿ ಮೆಟ್ಟಿದ.

ಮರುದಿನ ಸಿದ್ದಲಿಂಗವ್ವನ ಮುಂದ ಬಿಚ್ಚಿ ಹೇಳಿದ್ಲು. ಕೂಸಿನ ಕೌದಿ ಹೊಲಿಯೋದು, ನಡುವ ಮೆತ್ತನ ಹಳೇ ದೋತರದ ಬಿಳೇ ತುಂಡ ಹಾಕೋದು, ಅದರ ಮ್ಯಾಲ ಬಿಳೇ ದಾರಲೆ ಒಂದ ಅಕ್ಷರ ಬರಿಯೋದು. ಸುತ್ತಲೂ ಬಣ್ಣದ ತುಂಡ ಅಷ್ಟ ಚೆಂದ ಇರಬೇಕು, ನೋಡಿದಾಕಿ ಕೈ ತಡೀಬಾರದು. ಫೋಟೋ ಎದುರು ದೀಪಕ್ಕ ತಗದು ಫೋನಿನ ಸ್ಟೇಟಸ್ಸಿಗೆ ಹಾಕೋದು. ಸುಶ್ಮಿತಾ ಹತ್ರ ನಂಬರ್ ಐತಿ. ನೋಡೇ ನೋಡ್ತಾಳ, ಎತ್ತೇ ಎತ್ತತಾಳ. ಮಂದಿ ಇದನ ಬೇಕು ಅಂತ ಕುಂತ್ರ ಕೌದಿ ಕೇಳಾಕ ನಮ್ಮ ಬಾಗಲಕ್ಕನ ಬರ್ತಾಳ.

ಸಿದ್ದಲಿಂಗವ್ವ ಸೂಜಿ ಕೆಳಗಿಟ್ಲು. "ಹುಚ್ಚಿ! ಕೌದಿ ಮ್ಯಾಲ ಅಕ್ಷರ ಬರೀತಾರೇನ? ನನ್ನ ಅತ್ತಿ ಕಾಲದಿಂದ ಯಾರೂ ಬರದಿಲ್ಲ. ಹಾಸಗೊಳ್ಳೋದದು. ಅಕ್ಷರಕ್ಕ ಕಾಲ ತಾಗಬಾರ್ದು."

"ಆಯಿ, ಈ ಅಕ್ಷರಕ್ಕ ಕಾಲ ತಾಗಲಿ ಅಂತನ ಬರಿಯಾಕತ್ತೀನಿ."

"ಏನ ಬರೀತೀ?"

"ಕಳ್ಳಿ."

ಮುದಿಕಿ ಬಾಯಿಗೆ ಸೆರಗ ಹಚ್ಚಿದ್ಲು. ನಗಿ ತಡಿಯಾಕೋ ಬೈಗಳ ತಡಿಯಾಕೋ ಗೊತ್ತಾಗಲಿಲ್ಲ. "ಕೂಸಿನ ಬೆನ್ನಾಗ ಬೈಗಳ ಹೊಲೀಬ್ಯಾಡ ಗುಲ್ಲೂ" ಅಂದ್ಲು ಕಡೀಕ. "ಆಗದವರ ಮ್ಯಾಲಿನ ಸಿಟ್ಟ ಹುಟ್ಟಲಾರದವರ ಮ್ಯಾಲ ತೀರಸ್ಬ್ಯಾಡ."

"ಯಾ ಕೂಸೂ ಮಲಗಂಗಿಲ್ಲ ಆಯಿ. ಇದು ಬರೇ ಮೀನಕ್ಕ ಬೀಸೋ ಬಲಿ."

ಹೊಲದ್ಲು. ಎಂಥಾ ಕೌದಿ ಅಂತೀರಿ! ಓಣಿ ಹೆಂಗಸ್ರೆಲ್ಲಾ ಚಲೊ ಚಲೊ ತುಂಡ ತಂದ ಕೊಟ್ರು. ಅಡರಕಟ್ಟಿಯಿಂದ ಅತ್ತಿಗಿ ಹಾಜಿರಾಬಿ ತನ್ನ ಮದಿವಿ ಓಢಣಿ ಚುಂಗ ಕಳಿಸಿದ್ಲು, ಯಾಕ ಏನ ಅಂತ ಕೇಳಲಾರ್ದನ. ಮೂಲಿಗೆ ಗಿಣಿ ಹಸರ, ಅಂಚಿಗೆ ಕುಂಕುಮ ಕೆಂಪು, ನಡುವ ಹಾಲಿನಂಥಾ ಬಿಳಪು. ಬಿಳಪಿನ್ಯಾಗ ಕ, ಬಾಜೂಕ ಳ್ಳಿ. ಬರೇಗಣ್ಣಿಗೆ ಏನೂ ಇಲ್ಲ. ಹೊರಸು ನಿಲ್ಲಿಸಿ, ದೋತರ ಕಟ್ಟಿ, ದೀಪ ಎದುರಿಗೆ ಇಟ್ಟು, ಬಲ್ಬ ಎರಡೂ ಒಂದ ಬಣ್ಣ, ಫೋನಿನ ಕಣ್ಣ ಒರಸಿ, ಉಸರ ಬಿಗಿ ಹಿಡದು ಒಂದ ಫೋಟೋ.

"ಮೂಲ್ಯಾಗ ನಿನ್ನ ಹೆಸರರ ಹಾಕು" ಅಂದ ಅಯ್ಯೂಬ.

"ಬಲಿಗೆ ಬಾಗಲ ಹಾಕ್ತಾರೇನ್ರಿ?"

ಸ್ಟೇಟಸ್ಸಿಗೆ ಹಾಕಿದ್ಲು. ನೋಡಿದವರ ಹೆಸರ ಬರ್ತಾವಲ್ಲ, ಅದರಾಗ ಸುಶ್ಮಿತಾ ಮದಲ. ಎರಡ ದಿನಕ್ಕ "ತವರಿನ ಉಡಿ" ಒಳಗ ಕೌದಿ ಬಂತು, ಅದ ಫೋಟೋ, ಅದ ಬೆಳಕು! "ನಮ್ಮ ಮನೆಯ ತೊಟ್ಟಿಲಿಗೆಂದು ಹೊಲಿದದ್ದು." ಈ ಸಲ ಬೆಳಕೂ ಅಕಿದಲ್ಲ. ಗುಲ್ನಾಜ ನೋಡಿದ್ಲು, ಆವತ್ತ ರೊಟ್ಟಿ ಹಂಚಿನ ಮ್ಯಾಲ ಎಲ್ಲಾ ಉಬ್ಬಿ ಉಬ್ಬಿ ಬಂದ್ವು.

ಆಮ್ಯಾಲ ಕಾದ್ಲು. ಕಾಯೋದೂ ಒಂದ ಹೊಲಿಗಿನ ಅಲ್ಲೇನು.

ಸುಶ್ಮಿತಾ ಬಂದದ್ದು ಒಂದ ಮಧ್ಯಾನ. ಗದಗಿಂದ ಬದನಿಕಾಯಿ ಬಜಿ ಕಟ್ಟಿಸಿಗೊಂಡ ಬಂದಿದ್ಲು. ಲಕ್ಷ್ಮೇಶ್ವರ ಮುಟ್ಟೂದ್ರಾಗ ತಣ್ಣಗಾಗಿ ಹಾಳಿಗೆಲ್ಲಾ ಎಣ್ಣಿ ಇಳದಿತ್ತು. ಪಡಸಾಲ್ಯಾಗ ಸಿದ್ದಲಿಂಗವ್ವ, ಇನ್ನೊಂದ ನಾಕ ಹೆಂಗಸ್ರು ಹೊಲಿಕೋತ ಕುಂತಿದ್ರು. ಯಾರೂ ಬರ್ರಿ ಅನ್ನಲಿಲ್ಲ. ಗುಲ್ನಾಜ ಒಬ್ಬಾಕಿನ "ಬರ್ರಿ, ಕುಂಡ್ರಿ" ಅಂದ್ಲು.

"ಗುಲ್ನಾಜಕ್ಕಾ, ಆ ತೊಟ್ಟಿಲ ಕೌದಿ... ಐತಲ್ರಿ ನಿಮ್ಮ ಹತ್ರ?"

"ಯಾವದ್ರಿ? ನಿಮ್ಮ ಮನಿ ತೊಟ್ಟಲಿಗೆ ಹೊಲದದ್ದು?"

ಒಬ್ಬಾಕಿ ಕಿಸಕ್ ಅಂದ್ಲು. ಸುಶ್ಮಿತಾನ ಕಿವಿ ಕೆಂಪಾದ್ವು. "ಅಕ್ಕಾ, ನನ್ನ ನಾದನಿ ಚೊಚ್ಚಲ ಬಾಣಂತನಕ್ಕ ಬಂದಾಳ. ಅಕಿ ಅತ್ತಿಮನಿ ಮಂದಿ ಬೆಟಗೇರಿಯವ್ರು, ಭಾಳ ದೊಡ್ಡ ಮಂದಿ. ಫೋಟೋ ನೋಡಿ ಕೂಸಿಗೆ ಇದನ ಬೇಕು ಅಂತ ಕುಂತಾರ. ನಮ್ಮತ್ತಿ ಹೂಂ ಅಂದು ಬಿಟ್ಟಾರ. ನಾಳೆ ತೊಟ್ಟಲ ಐತಿ. ಮನ್ಯಾಗ ಎಲ್ಲಿ ಐತಿ ತೋರಸು ಅಂತ ನಮ್ಮತ್ತಿ ನಿನ್ನಿಯಿಂದ ಬೆನ್ನ ಹತ್ಯಾರ. ನೀವು ಕೇಳಿದ್ದ ಕೊಡ್ತೀನಿ."

ಕೂಸ ಅನ್ನೂದ ಕೇಳಿ ಸಿದ್ದಲಿಂಗವ್ವ ತಲಿ ಎತ್ತಿ ಗುಲ್ನಾಜನ್ನ ನೋಡಿದ್ಲು. ಗುಲ್ನಾಜ ಅತ್ತಾಗ ನೋಡಲಿಲ್ಲ. ಟ್ರಂಕಿನಿಂದ ಕೌದಿ ತಗದ್ಲು, ನೆಲಕ್ಕ ಹಾಸಿದ್ಲು. ಸುಶ್ಮಿತಾ "ಅಯ್ಯ ಎಷ್ಟ ಚೆಂದ!" ಅಂತ ಬಾಗಿದ್ಲು. ಖರೇನ ಅಂದ್ಲು ಪಾಪ, ಅಕಿಗೂ ಕಣ್ಣ ಇದ್ವು.

"ತಡೀರಿ. ಕಿಡಕಿ ಹಾಕ್ರಿಬೇ ಯಾರರ" ಅಂದ್ಲು ಗುಲ್ನಾಜ.

ಕಿಡಕಿ ಮುಚ್ಚಿತು. ಡಬ್ಬಿ ದೀಪ ಕೌದಿ ಅಂಚಿಗೆ, ನೆಲದ ಮಟ್ಟಕ್ಕ ಇಟ್ಟು ಸ್ವಿಚ್ ಒತ್ತಿದ್ಲು.

ಬೆಳಕ ಕೌದಿ ಮ್ಯಾಲ ನೀರ ಹರದಂಗ ಹರೀತು. ನಡುವಿನ ಬಿಳಪಿನ್ಯಾಗ ಅಕ್ಷರ ಎದ್ದ ನಿಂತ್ವು.

ಸುಶ್ಮಿತಾ ಓದಿದ್ಲು. ಇನ್ನೊಮ್ಮೆ ಓದಿದ್ಲು. ಮಾರಿ ಮ್ಯಾಲಿನ ನಗಿ ಅಲ್ಲೇ ಉಳೀತು, ಅದರೊಳಗಿನ ಜೀವ ಹೋಗಿತ್ತು. ಆದ್ರ ವ್ಯಾಪಾರದ ಮನಿ ಹುಡುಗಿ ನೋಡ್ರಿ, ಸೋಲತಾಳೇನು ಅಷ್ಟ ಲಗೂ!

"ಕಳ್ಳಿ... ಬೇಲಿ ಕಳ್ಳಿ ಅಲ್ರಿ? ಡಿಸೈನ್ ಛಂದ ಐತಿ. ಕೂಸಿಗೆ ದೃಷ್ಟಿ ಆಗಬಾರ್ದು ಅಂತ ಹಾಕೀರೇನು?"

ಗುಲ್ನಾಜ ಅಕ್ಷರದ ಕಡೆ ತಿರುಗಿ ನೋಡಿದ್ಲು. ಇಷ್ಟ ದಿನ ಹೊಲದದ್ದು, ಕಾದದ್ದು, ಎಲ್ಲಾ ಒಂದ ಮಾತಿಗೆ ಗಿಡ ಆಗಿ ಹೋತಲ್ಲ! ಖರೇನ, ಕಳ್ಳಿ ಅಂದ್ರ ಗಿಡಾನೂ ಹೌದು. ಇದು ಅಕಿ ತಲ್ಯಾಗ ಬಂದ ಇರಲಿಲ್ಲ.

ಸಿದ್ದಲಿಂಗವ್ವ ಎಲಿ ಅಡಿಕಿ ಒಂದ ದವಡಿಯಿಂದ ಇನ್ನೊಂದ ದವಡಿಗೆ ಸರಿಸಿದ್ಲು. "ಹೂಂನವ್ವಾ. ಬೇಲಿಗೆ ಹಚ್ಚೂದೂ ಕಳ್ಳಿನ, ಬೇಲಿ ಹಾರಿ ಬಂದಾಕಿನೂ ಕಳ್ಳಿನ. ನೀ ಯಾವ ಕಳ್ಳಿ, ನೀನ ಆರಿಸ್ಗೋ."

ಹೆಂಗಸ್ರ ನಗಿ ಓಣಿ ತುದಿಗೆ ಕೇಳಸ್ತು. ಸುಶ್ಮಿತಾ ಎದ್ದ ನಿಂತ್ಲು. ಬಾಗಲ ತನಕ ಹೋದ್ಲು. ಅಲ್ಲಿ ನಿಂತ್ಲು. ನಾಳಿನ ತೊಟ್ಟಲ, ಅತ್ತಿ, ಬೆಟಗೇರಿ ಬೀಗರು ಎಲ್ಲಾರೂ ಅಕಿ ಕಣ್ಣ ಮುಂದ ಸಾಲ ಹಚ್ಚಿ ನಿಂತಿರಬೇಕು. ತಿರುಗಿ ಬಂದ್ಲು.

"ಅಕ್ಕಾ, ಬಿಚ್ಚಿ ಕೊಡ್ರಿ. ನಿಮ್ಮ ಕಾಲ ಬೀಳ್ತೀನಿ."

"ಕಾಲ ಬ್ಯಾಡ್ರಿ. ಸೂಜಿ ಹಿಡೀರಿ" ಅಂದ್ಲು ಗುಲ್ನಾಜ. "ನಾ ಹೊಲದೀನಿ, ನೀವ ಬಿಚ್ರಿ. ಇಲ್ಲೇ. ಇವರ ಮುಂದ. ಅದಕ್ಕಿಂತ ಮದಲ ನಿಮ್ಮ ಫೋನ ತಗೀರಿ. ನಮ್ಮವ್ವನ ಫೋಟೋದ ಕೆಳಗ ಬರದದ್ದ ಅಳಸ್ರಿ. ನಾ ಹೇಳಂಗಿಲ್ಲ, ಏನ ಬರೀಬೇಕಂತ ನಿಮಗ ಗೊತ್ತೈತಿ."

ಸುಶ್ಮಿತಾ ಫೋನ ತಗದ್ಲು. ಬರದ್ಲು.

"ಓದ್ರಿ" ಅಂದ್ಲು ಗುಲ್ನಾಜ.

"ಇದು... ಲಕ್ಷ್ಮೇಶ್ವರದ ಹಸೀನಾಬಿ ಅವರ ಸೀರಿ. ಅವರ ಮಗಳು ಗುಲ್ನಾಜ ಹೊಲದದ್ದು. ನಮ್ಮ ಮನೀದಲ್ಲ."

"ಆಯಿಗೆ ಕಿವಿ ಮಂದ. ಇನ್ನೊಮ್ಮೆ."

ಸಿದ್ದಲಿಂಗವ್ವನ ಕಿವಿ ಸೂಜಿ ಬಿದ್ರ ಕೇಳಸೂವಂಥಾವು. ಆದ್ರ ಅಕಿ ಕಿವಿ ಹಿಂದ ಕೈ ಹಿಡದು "ಹಾಂ? ಏನಂತ?" ಅಂದ್ಲು. ಸುಶ್ಮಿತಾ ಇನ್ನೊಮ್ಮೆ ಓದಿದ್ಲು, ಈ ಸಲ ಜೋರಾಗಿ, ಕಣ್ಣಾಗ ನೀರ ತುಂಬಿ. ಬಾಗಲದಾಗ ಯಮನೂರಸಾಬ ಬಂದ ನಿಂತಿದ್ದ. ಹೆಂಡ್ತಿ ಹೆಸರ ಕೇಳಿ ತಲಿ ಮ್ಯಾಲಿನ ಟೋಪಿ ಸರಿ ಮಾಡ್ಕೊಂಡ, ಒಳಗ ಬರಲಿಲ್ಲ.

ಆಮ್ಯಾಲ ಬಿಚ್ಚೋ ಕೆಲಸ. ಬಿಳೇದರ ಮ್ಯಾಲ ಬಿಳೇ ದಾರ, ಮ್ಯಾಲಿನ ಬೆಳಕಿಗೆ ಕಾಣಂಗಿಲ್ಲ. ಕಾಣಬೇಕಂದ್ರ ಬಾಜೂ ದೀಪಕ್ಕ ಮಾರಿ ತಂದು, ಮೂಗ ಕೌದಿಗೆ ಹಚ್ಚಿ, ಒಂದೊಂದ ಹೊಲಿಗಿನೂ ಓದಿ ಓದಿ ಎತ್ತಬೇಕು. ಸುಶ್ಮಿತಾ ಬೊಕ್ಕಬೋರಲ ಬಾಗಿ ಕ ಅನ್ನೂದ ಬಿಚ್ಚಿದ್ಲು. ಕೌದಿ ಮ್ಯಾಲ ಒಂದ ಹನಿ ಬಿತ್ತು. ಬೆವರೋ ಕಣ್ಣೀರೋ ಯಾರೂ ಕೇಳಲಿಲ್ಲ.

"ಸಾಕ ಬಿಡ ಗುಲ್ಲೂ" ಅಂದ್ಲು ಸಿದ್ದಲಿಂಗವ್ವ ಸಣ್ಣ ದನ್ಯಾಗ. "ಉಳದದ್ದ ನಾ ಬಿಚ್ಚತೀನಿ."

"ಇನ್ನೂ ಳ್ಳಿ ಐತಿ ಆಯಿ" ಅಂದ್ಲು ಗುಲ್ನಾಜ. ಫೋನ ತಗೊಂಡ್ಲು. ಅದರ ಕಣ್ಣ ಒರಸಿದ್ಲು. ಬಾಗಿದ ತಲಿ, ಬಂಗಾರದ ಬಳಿ ಕೈ, ಕೈಯಾಗ ಸೂಜಿ, ಸೂಜಿ ಕೆಳಗ ಅರ್ಧ ಬಿಚ್ಚಿದ ಮಾತು. ಬಾಜೂ ಬೆಳಕಿನ್ಯಾಗ ಒಂದೊಂದ ಎಳಿನೂ ಎಣಸೂವಂಗ. ಕ್ಲಿಕ್.

ಸುಶ್ಮಿತಾ ತಲಿ ಎತ್ತಿದ್ಲು. "ಇದನ್ನ ಹಾಕ್ಬ್ಯಾಡ್ರಿ ಅಕ್ಕಾ."

ಗುಲ್ನಾಜ ದೀಪ ಒಂಚೂರ ಹತ್ರ ಸರಿಸಿದ್ಲು, ಅಕಿಗೆ ಚೊಲೊ ಕಾಣಲಿ ಅಂತ.

ಬಿಚ್ಚೂದ ಮುಗದ ಮ್ಯಾಲ ನೋಡಿದ್ರ ದಾರ ಹೋಗಿತ್ತು, ತೂತ ಉಳದಿದ್ವು. ಬಾಜೂ ದೀಪಕ್ಕ ಇನ್ನೂ ಓದಾಕ ಬರ್ತಿತ್ತು, ಇರವಿ ಸಾಲಿನಂಗ. ಒಂದ ಹನಿ ನೀರ ಹಾಕಿ ಉಗರಲೆ ತಿಕ್ಕಿದ್ರ ಹಳೇ ದೋತರದ ಎಳಿ ಕೂಡಿ ತೂತ ಮುಚ್ಚತಾವು, ಇದು ಹೊಲಿಯೋರಿಗೆ ಎಲ್ಲಾರಿಗೂ ಗೊತ್ತು. ಸುಶ್ಮಿತಾಗ ಗೊತ್ತಿಲ್ಲ. ಗುಲ್ನಾಜ ಕೌದಿ ಹಂಗ ಮಡಚಾಕ ಹತ್ತಿದ್ಲು.

ಸಿದ್ದಲಿಂಗವ್ವ ಕೌದಿ ಮ್ಯಾಲ ಕೈ ಇಟ್ಲು. "ಬಲಿ ಅಂದಿದ್ದಿ. ಈಗ ತೊಟ್ಟಲಕ್ಕ ಹೊಂಟೈತಿ. ಆ ಕೂಸ ನಿನ್ನದೇನ ಕದ್ದೈತಿ?"

ಗುಲ್ನಾಜ ಮಡಚೋದ ನಿಲ್ಲಿಸಿದ್ಲು. ಹಲ್ಲ ಕಡದಿದ್ದು ಗಲ್ಲದಾಗ ಕಾಣ್ತಿತ್ತು. ಆಮ್ಯಾಲ ತಂಬಗಿಯಿಂದ ನೀರ ತಗೊಂಡು, ಕೌದಿ ಬಿಚ್ಚಿ, ಹೆಬ್ಬಟ್ಟಿನ ಉಗರಲೆ ಒಂದೊಂದ ತೂತೂ ತಿಕ್ಕಿ ಮುಚ್ಚಿದ್ಲು. ದೀಪ ಬಾಜೂ ಹಿಡದ ನೋಡಿದ್ಲು. ಬರೇ ಬಿಳಪು. ಮಡಚಿ ಸುಶ್ಮಿತಾನ ಉಡಿಯಾಗ ಹಾಕಿದ್ಲು. ಕೂಸಿಗೆ ಕೊಟ್ಟದ್ದಕ್ಕ ಏನೂ ತಗೊಳ್ಳಲಿಲ್ಲ.

"ದೇವರ ನಿಮ್ಮನ್ನ ಚೊಲೊ ಇಡಲಿ ಅಕ್ಕಾ" ಅಂತ ಕಣ್ಣ ಒರಸಿಕೊಂಡು ಸುಶ್ಮಿತಾ ಬಸ್ಸಿಗೆ ಹೋದ್ಲು.

ಸಿದ್ದಲಿಂಗವ್ವ ತಣ್ಣನ ಬಜಿ ಬಿಚ್ಚಿ ಎಲ್ಲಾರಿಗೂ ಹಂಚಿದ್ಲು. "ಮನಸ್ಸ ದೊಡ್ಡದ ಮಾಡಿದಿ ನೋಡು" ಅಂದ್ಲು. "ಮಾಫ ಮಾಡಿಬಿಟ್ಟಿ."

"ಕೂಸಿಗೆ ಮಾಡೀನಿ" ಅಂದ್ಲು ಗುಲ್ನಾಜ. ಬಜಿ ಎಣ್ಣಿ ಕೈ ಸೆರಗಿಗೆ ಒರಸಿಕೊಂಡ್ಲು, ಸುಶ್ಮಿತಾ ಸೂಜಿ ಹಿಡದ ಆ ಫೋಟೋ ಫೋನಿನ್ಯಾಗ ತೆರದ್ಲು, ಈ ಸಲ ಮೂಲ್ಯಾಗ ತನ್ನ ಹೆಸರ ಬರದ್ಲು, ಹೊರಗ ಬಸ್ ಹಾರ್ನ ಹೊಡದು ಗದಗಿನ ದಾರಿ ಹಿಡಿಯೂದ ಕೇಳಿಸಿಗೋತ ಎಲ್ಲಾರಿಗೂ ಕಾಣೂವಂಗ ಸ್ಟೇಟಸ್ಸಿಗೆ ಹಾಕಿದ್ಲು.